ಅಟ್ಟದ ಬಿಸಿ ತಡೆಯುವ ಕೆಲಸ: ನೀವೇ ಮಾಡುವುದೆ, ಮೇಸ್ತ್ರಿಯನ್ನು ಕರೆಯುವುದೆ?

ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ಬಿಸಿಲು ಬಲಿಯುತ್ತದೆ. ಶಿವರಾತ್ರಿ ಕಳೆಯಿತೆಂದರೆ ಮಧ್ಯಾಹ್ನ ಮನೆಯೊಳಗೆ ಮಲಗುವುದಕ್ಕಿಂತ ಹೊಂಗೆಯ ನೆರಳೇ ಲೇಸು ಎನ್ನಿಸುವ ಮನೆಗಳು ಈಗ ನಮ್ಮ ಹಳ್ಳಿಗಳಲ್ಲಿ ಬಹಳವಾಗಿವೆ. ಹಿಂದೆ ಮಣ್ಣಿನ ಮಾಳಿಗೆಯೋ, ಹುಲ್ಲಿನ ಸೂರೋ, ಹೆಂಚಿನ ಕೆಳಗೆ ಹಲಗೆಯ ಅಟ್ಟವೋ ಇರುತ್ತಿದ್ದ ಕಡೆ ತಗಡು, ಸಿಮೆಂಟ್ ಶೀಟು, ಕಾಂಕ್ರೀಟು ತಾರಸಿ ಬಂದಿವೆ. ಇವು ಮಳೆಯನ್ನು ತಡೆಯುತ್ತವೆ, ಬಿಸಿಲನ್ನು ತಡೆಯವು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಅಂಥ ದಿನ ತಗಡಿನ ಕೆಳಗೆ ಕುಳಿತವರಿಗೆ ಹೊರಗಿನದೇ ವಾಸಿ.

ಮನುಷ್ಯರಾದರೆ ಎದ್ದು ಮರದಡಿಗೆ ಹೋಗುತ್ತೇವೆ. ರೇಷ್ಮೆ ಹುಳು ಎಲ್ಲಿಗೆ ಹೋಗಬೇಕು? ಕೊನೆಯ ಹಂತದ ಹುಳುವಿಗೆ ಬೇಕಾದದ್ದು 24ರಿಂದ 26 ಡಿಗ್ರಿ ಉಷ್ಣತೆ, ಶೇಕಡ 70ರ ಆಸುಪಾಸಿನ ತೇವ. ಹುಳು ಮನೆಯ ಸೂರು ಕಾದು 32-33 ಡಿಗ್ರಿಗೆ ಏರಿದರೆ, ಅದರಲ್ಲೂ ದ್ವಿತಳಿಯಾದರೆ, ಸೊಪ್ಪು ತಿನ್ನುವುದು ಇಳಿಯುತ್ತದೆ, ರೋಗ ಹೊಕ್ಕುತ್ತದೆ, ಗೂಡು ಹಗುರಾಗುತ್ತದೆ. ಮಿಶ್ರತಳಿ ಹಸುವೂ ಬಿಸಿಗೆ ಮೇವು ಬಿಟ್ಟು ಹಾಲು ಕಡಿಮೆ ಮಾಡುತ್ತದೆ. ಕೋಳಿ 30 ಡಿಗ್ರಿ ದಾಟಿದೊಡನೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆದ್ದರಿಂದ ಸೂರಿನ ಬಿಸಿ ತಡೆಯುವುದು ಪೇಟೆಯವರ ಸುಖದ ಮಾತು ಎಂದು ತಳ್ಳಿಹಾಕುವಂತಿಲ್ಲ.

ತಡೆಯಬೇಕು ಎಂಬುದರಲ್ಲಿ ಚರ್ಚೆಯಿಲ್ಲ. ಆ ಕೆಲಸವನ್ನು ಮನೆಯವರೇ ಸೇರಿ ಮಾಡಿಕೊಳ್ಳಬೇಕೆ, ತಿಳಿದ ಕೆಲಸಗಾರನಿಗೆ ಒಪ್ಪಿಸಬೇಕೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಸಾಮಾನ್ಯವಾಗಿ ಇದನ್ನು ಕೂಲಿಯ ಲೆಕ್ಕದಲ್ಲಿ ತೀರ್ಮಾನಿಸುವುದು ರೂಢಿ. ಕೂಲಿ ಉಳಿಯುತ್ತದೆಯೆಂದು ಏಣಿ ಹಾಕಿದವರು, ಕೈಯಲ್ಲಿ ದುಡ್ಡಿದೆಯೆಂದು ಪೂರ್ತಿ ಗುತ್ತಿಗೆ ಕೊಟ್ಟವರು, ಇಬ್ಬರೂ ಕೇಳಬೇಕಾದ ಪ್ರಶ್ನೆಯನ್ನು ಕೇಳಿರುವುದಿಲ್ಲ. ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದೇ ಆ ಪ್ರಶ್ನೆ. ಕೆಟ್ಟದ್ದು ಮರುದಿನವೇ ಕಣ್ಣಿಗೆ ಬೀಳುವಂತಿದ್ದು, ಮುಂದಿನ ವಾರ ತಿದ್ದಬಹುದಾಗಿದ್ದರೆ ಅಂಥ ಕೆಲಸವನ್ನು ಧೈರ್ಯವಾಗಿ ನೀವೇ ಮಾಡಿ. ಕೆಟ್ಟದ್ದು ಐದು ವರ್ಷ ಒಳಗೇ ಅಡಗಿದ್ದು ಆಮೇಲೆ ಹೊರಬೀಳುವಂತಿದ್ದರೆ, ಅಥವಾ ಒಂದೇ ತಪ್ಪಿಗೆ ಆಳೇ ಹೋಗುವಂತಿದ್ದರೆ, ಕೂಲಿಯ ಮುಖ ನೋಡಬೇಡಿ.

ಮೊದಲು ಬಿಸಿ ಎಲ್ಲಿಂದ ಬರುತ್ತಿದೆ ನೋಡಿ

ಯಾರನ್ನೂ ಕರೆಯುವ ಮೊದಲು, ಯಾವ ಸಾಮಾನನ್ನೂ ತರುವ ಮೊದಲು ಮಾಡಬೇಕಾದ ಒಂದು ಪರೀಕ್ಷೆ ಇದೆ. ಹುಳು ಮನೆಯಲ್ಲಿ ತೂಗುಹಾಕುವಂಥ ಸಾಧಾರಣ ಥರ್ಮಾಮೀಟರ್ ಒಂದನ್ನು ಮಂಚದ ಎತ್ತರದಲ್ಲಿಯೂ ಇನ್ನೊಂದನ್ನು ಸೂರಿನಿಂದ ಒಂದಡಿ ಕೆಳಗೂ ಕಟ್ಟಿ, ಮಧ್ಯಾಹ್ನ 3 ಗಂಟೆಗೆ ಮತ್ತು ರಾತ್ರಿ 9 ಗಂಟೆಗೆ ನೋಡಿ ಬರೆದಿಡಿ. ಮೇಲಿನದು ಕೆಳಗಿನದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಿದ್ದರೆ ಬಿಸಿ ಸೂರಿನಿಂದಲೇ ಬರುತ್ತಿದೆ. ಎರಡೂ ಒಂದೇ ಸಮ ಇದ್ದರೆ ಪಡುವಣ ಗೋಡೆಯನ್ನೂ ಗಾಳಿ ಹೋಗದ ಕಿಟಕಿಯನ್ನೂ ಮೊದಲು ವಿಚಾರಿಸಿಕೊಳ್ಳಿ; ಅಟ್ಟಕ್ಕೆ ಹಾಕುವ ಹಣ ಅಲ್ಲಿ ದಂಡ.

ತಗಡು ಬೇಗ ಕಾದು ಬೇಗ ಆರುತ್ತದೆ. ಕಾಂಕ್ರೀಟು ಹಾಗಲ್ಲ. ಹಗಲೆಲ್ಲ ನುಂಗಿದ್ದನ್ನು ಸಂಜೆಯಿಂದ ಕೆಳಗೆ ಉಗುಳುತ್ತದೆ. ಆದ್ದರಿಂದಲೇ ತಾರಸಿ ಮನೆಯವರಿಗೆ ಮಧ್ಯಾಹ್ನಕ್ಕಿಂತ ರಾತ್ರಿಯೇ ಸೆಕೆ ಹೆಚ್ಚು.

ಬಿಸಿಗೆ ತಡೆ ಎಂದರೇನು? ಕಂಬಳಿ ಹೊದ್ದರೆ ಚಳಿ ತಡೆಯುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಸೂರಿನ ಕೆಳಗೂ ಅದೇ ನ್ಯಾಯ. ಭತ್ತದ ಉಮಿ, ತೆಂಗಿನ ನಾರು, ಹುಲ್ಲು, ಪೇಟೆಯಲ್ಲಿ ಸಿಗುವ ಥರ್ಮೋಕೋಲ್, ಗಾಜಿನ ಉಣ್ಣೆ, ಇವೆಲ್ಲವೂ ಅಲುಗಾಡದ ಗಾಳಿಯನ್ನು ಹಿಡಿದಿಡುವ ಉಪಾಯಗಳು. ಇವು ಒದ್ದೆಯಾದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ, ತಡೆ ಹೋಗುತ್ತದೆ. ಸೋರುವ ಸೂರನ್ನು ಸರಿಪಡಿಸದೆ ಅಟ್ಟಕ್ಕೆ ಏನನ್ನೂ ತುಂಬಬಾರದು ಎನ್ನುವುದು ಇದಕ್ಕೇ. ಇದರ ಜೊತೆಗೆ ಇನ್ನೊಂದು ದಾರಿಯುಂಟು: ಬಿಸಿಲು ಒಳಗೆ ಇಳಿಯುವ ಮೊದಲೇ ಸೂರಿನ ಮೇಲಿಂದ ಅದನ್ನು ಹಿಂದಕ್ಕೆ ಅಟ್ಟುವುದು. ಬಿಳಿಯ ಬಣ್ಣ ಮಾಡುವುದು ಈ ಕೆಲಸವನ್ನು.

ಹೆಂಚಿನ ಮನೆ, ಹಲಗೆಯ ಅಟ್ಟ

ಕರಾವಳಿ ಮಲೆನಾಡಿನ ಹೆಂಚಿನ ಮನೆಗಳವರು ಈ ವಿಷಯದಲ್ಲಿ ಪುಣ್ಯವಂತರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹರಡಿದ ಈ ಹೆಂಚು, ಸಂದುಗಳಲ್ಲಿ ಗಾಳಿಯಾಡಲು ಬಿಡುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರಂತೂ ಅಟ್ಟವೇ ಒಂದು ದೊಡ್ಡ ತಡೆ. ಇಂಥ ಮನೆಯಲ್ಲಿ ಸೆಕೆ ಹೆಚ್ಚಿದ್ದರೆ ಸಾಮಾನ್ಯವಾಗಿ ಕಾರಣ ಎರಡೇ: ಅಟ್ಟದ ಎರಡೂ ತುದಿಯ ಗಾಳಿಕಿಂಡಿಗಳನ್ನು ಬಾವಲಿಗೆ ಹೆದರಿ ಮುಚ್ಚಿರುತ್ತಾರೆ, ಇಲ್ಲವೆ ಮುಚ್ಚಿಗೆಯನ್ನೇ ತೆಗೆದಿರುತ್ತಾರೆ. ಕಿಂಡಿ ಬಿಚ್ಚಿ ಸಣ್ಣ ಕಣ್ಣಿನ ತಂತಿಬಲೆ ಹೊಡೆಯಿರಿ. ಇದಕ್ಕೆ ಮೇಸ್ತ್ರಿ ಬೇಡ. ಅರ್ಧ ದಿನದ ಕೆಲಸ, ಖರ್ಚೂ ಅಲ್ಪ, ಫಲ ಮಾತ್ರ ಅದೇ ಸಂಜೆ ತಿಳಿಯುತ್ತದೆ.

ಮುಚ್ಚಿಗೆ ಇಲ್ಲದ ಮನೆಗೆ ಬಿದಿರು ತಟ್ಟಿಯನ್ನೋ ಈಚಲು ಚಾಪೆಯನ್ನೋ ಅಡ್ಡಗಳುವಿನ ಮೇಲೆ ಹಾಸಿ ಬಿಗಿಯುವುದು ಮನೆಯವರೇ ಮಾಡಬಹುದಾದ ಕೆಲಸ. ಹೆಂಚಿಗೂ ಇದಕ್ಕೂ ನಡುವೆ ಕನಿಷ್ಠ ಒಂದು ಗೇಣು ಜಾಗವಿರಲಿ. ಹೆಂಚಿನ ಅಡಿಗೇ ಇನ್ನೊಂದು ಪದರ ಸೀಲಿಂಗ್ ಹೆಂಚು ಹಾಕಿಸುವುದಾದರೆ ಅದು ಬಡಗಿಯ ಪಾಲು. ರೀಪಿನ ಅಂತರ ಬೆರಳಷ್ಟು ತಪ್ಪಿದರೂ ಹೆಂಚು ಕೂರುವುದಿಲ್ಲ. ಪಕಾಸಿಗಳು ಎರಡು ಪದರದ ಭಾರ ತಡೆಯುವವೆ, ಗೆದ್ದಲು ಹಿಡಿದಿದೆಯೆ ಎಂಬುದನ್ನೂ ಅವನೇ ಬಡಿದು ನೋಡಿ ಹೇಳಬೇಕು. ಮಂಗಗಳ ಕಾಟದ ಊರಿನಲ್ಲಿ ಮೇಲಿನ ಹೆಂಚು ಉಳಿಯುವುದೇ ಕಷ್ಟ. ಅಲ್ಲಿಯವರು ಸೀಲಿಂಗ್ ಹೆಂಚಿಗೆ ಹಣ ಹಾಕುವ ಮೊದಲು ಎರಡು ಸಲ ಯೋಚಿಸುವುದು ಮೇಲು.

ಇನ್ನು ಅಟ್ಟದ ಹಲಗೆಯ ಮೇಲೆ ಮಣ್ಣು ಹಾಸುವ ಹಳೆಯ ಪದ್ಧತಿ. ತಂಪಿಗೆ ಇದು ಬಹಳ ಒಳ್ಳೆಯದು, ಕೆಳಗಿನಿಂದ ಬೆಂಕಿ ಏರುವುದನ್ನೂ ತಡೆಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಒಣ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಹತ್ತಡಿಗೆ ಹತ್ತಡಿಯ ಒಂದು ಕೋಣೆಯ ಮೇಲೆ ನಾಲ್ಕು ಅಂಗುಲ ಮಣ್ಣು ಹಾಸಿದರೆ 33 ಘನ ಅಡಿ, ಅಂದರೆ 15 ಕ್ವಿಂಟಾಲ್. ಕಲಸಿ ಹಾಕುವಾಗಿನ ನೀರಿನ ಭಾರ ಬೇರೆ. ಹಿಂದಿನವರು ಈ ಭಾರಕ್ಕೆಂದೇ ಹಲಸು, ಹೊನ್ನೆಯ ತೊಲೆಗಳನ್ನು ಒತ್ತೊತ್ತಾಗಿ ಹಾಕಿಸುತ್ತಿದ್ದರು. ಈಗಿನ ಮನೆಯ ತೆಳು ಗಳುಗಳ ಮೇಲೆ ಅದನ್ನು ನಕಲು ಮಾಡಿದರೆ ಮಲಗಿದವರ ಮೇಲೆ ಬರುತ್ತದೆ. ಅದೇ ನಾಲ್ಕು ಅಂಗುಲ ಭತ್ತದ ಉಮಿಯಾದರೆ ಇಡೀ ಕೋಣೆಗೆ ಒಂದು ಕ್ವಿಂಟಾಲಿನ ಆಸುಪಾಸು ಅಷ್ಟೆ, ಬಿಸಿ ತಡೆಯುವುದರಲ್ಲಿ ಮಣ್ಣಿಗಿಂತ ಎಷ್ಟೋ ಮಿಗಿಲು. ಉಮಿಯ ದೋಷ ಬೇರೆ ಬಗೆಯದು. ಕಾಳು ಉಳಿದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕಿಡಿ ಬಿದ್ದರೆ ಹೊಗೆಯಾಡುತ್ತ ಒಳಗೊಳಗೇ ಸುಡುತ್ತದೆ. ಆದಕಾರಣ ಬಿಡಿ ಉಮಿಯನ್ನು ಸುರಿಯಬೇಡಿ. ಚೆನ್ನಾಗಿ ತೂರಿ, ಜೇಡಿಮಣ್ಣಿನ ತೆಳು ರಾಡಿಯಲ್ಲಿ ಉಂಡೆ ಕಟ್ಟುವಷ್ಟು ಮಾತ್ರ ಕಲಸಿ, ಎರಡು ಅಂಗುಲ ದಪ್ಪ ಹಾಸಿ. ಇಡೀ ಅಟ್ಟವನ್ನು ಒಂದೇ ದಿನ ಹಾಸದೆ ಅರ್ಧರ್ಧ ಹಾಸಿ ಒಣಗಲು ಬಿಡಿ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೆ ಗಟ್ಟಿಯಾಗುತ್ತದೆ. ತೊಲೆ ಗಟ್ಟಿಯಿರುವ ಮನೆಯಲ್ಲಿ ಇದನ್ನು ನೀವೇ ಮಾಡಬಹುದು. ತೊಲೆಯ ಬಗ್ಗೆ ಅನುಮಾನವಿದ್ದರೆ ಬಡಗಿಗೆ ತೋರಿಸಿದ ಮೇಲೆ ಮಾಡಿ. ಸೌದೆ ಒಲೆಯ ನೇರ ಮೇಲೆ ಮಾತ್ರ ಉಮಿ, ಹುಲ್ಲು, ಥರ್ಮೋಕೋಲ್ ಯಾವುದೂ ಬೇಡವೇ ಬೇಡ.

ತಿಪಟೂರು, ಅರಸೀಕೆರೆ ಸೀಮೆಯ ಓದುಗರಿಗೆ ಇಲ್ಲಿ ಒಂದು ಮಾತು. ಕೊಬ್ಬರಿ ಅಟ್ಟದ ಬಿಸಿಯನ್ನು ತಡೆಯಲು ಹೋಗಬೇಡಿ. ಅಲ್ಲಿ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಕೂತು ಉಂಡೆ ಕೊಬ್ಬರಿಯಾಗುವುದೇ ಆ ಒಣ ಬೆಚ್ಚನೆಯ ಗಾಳಿಯಿಂದ. ಕೆಳಗೆ ವಾಸವಿದ್ದು ಸೆಕೆಯಾಗುತ್ತಿದ್ದರೆ ತಡೆಯನ್ನು ಹೆಂಚಿನ ಅಡಿಗೆ ಹಾಕದೆ, ಅಟ್ಟದ ನೆಲಕ್ಕೂ ಕೋಣೆಗೂ ನಡುವೆ ತಟ್ಟಿ ಕಟ್ಟಿಸಿ. ಸಾವಿರ ಕಾಯಿ ಎಂದರೆ ಹತ್ತು ಕ್ವಿಂಟಾಲಿಗೂ ಮೇಲೆ; ಅಂಥ ಅಟ್ಟದ ಮೇಲೆ ಮತ್ತೆ ಮಣ್ಣಿನ ಭಾರ ಹೇರುವುದಂತೂ ಕೂಡದು. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟಕ್ಕೂ ಇದೇ ಮಾತು ಸಲ್ಲುತ್ತದೆ. ಅಲ್ಲಿ ಹೊಗೆ ಮತ್ತು ಬಿಸಿ ಸಾಮಾನನ್ನು ಹುಳದಿಂದ ಕಾಯುತ್ತಿರುತ್ತವೆ.

ಬಯಲುಸೀಮೆಯ ಮಾಳಿಗೆ ಮನೆಗಳವರು ತಂಪಿಗೆ ಏನೂ ಮಾಡಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕುವಾಗ ಅಷ್ಟೇ ಹಳೆಯ ಮಣ್ಣನ್ನು ಕೆರೆದು ತೆಗೆಯಿರಿ. ವರ್ಷವರ್ಷ ಸೇರಿಸುತ್ತ ಹೋದ ಮಣ್ಣೇ ಜಡಿಮಳೆಯಲ್ಲಿ ನೆನೆದು ಜಂತಿ ಮುರಿಯುವುದು.

ಶೀಟಿನ ಮೇಲೆ ಕಾಲಿಡುವ ಮುನ್ನ

ಸಿಮೆಂಟ್ ಶೀಟು ಎಂದು ನಾವು ಕರೆಯುವ ಕಲ್ನಾರು ಶೀಟಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಕೆಲಸದಲ್ಲಿ ಜೀವ ಹೋಗುವುದು ಹೆಚ್ಚಾಗಿ ಇಲ್ಲಿ.

ಕಲ್ನಾರು ಶೀಟು ನೋಡಲು ಗಟ್ಟಿ, ಆದರೆ ಬಾಗುವುದಿಲ್ಲ, ಮುರಿಯುತ್ತದೆ. ಬಿಸಿಲು ಮಳೆಗೆ ಹತ್ತಿಪ್ಪತ್ತು ವರ್ಷ ಸಿಕ್ಕಿದ್ದಾದರೆ ಆಳು ಕಾಲಿಟ್ಟ ಜಾಗದಲ್ಲೇ ತೂತು ಬೀಳುತ್ತದೆ, ಮುರಿಯುವ ಮೊದಲು ಸದ್ದು ಸಹ ಮಾಡುವುದಿಲ್ಲ. ಬೋಲ್ಟಿನ ಸಾಲಿನ ಮೇಲೆ ಹೆಜ್ಜೆಯಿಟ್ಟರೆ ಏನೂ ಆಗದು ಎಂಬ ನಂಬಿಕೆ ಎಲ್ಲ ಊರಿನಲ್ಲೂ ಇದೆ. ಅದನ್ನು ನಂಬಬೇಡಿ, ಬೋಲ್ಟಿನ ಸುತ್ತಲೇ ಶೀಟು ಮೊದಲು ಬಿರುಕು ಬಿಟ್ಟಿರುತ್ತದೆ. ಬೆಳಕಿಗೆಂದು ನಡುವೆ ಹಾಕಿದ ಪಾರದರ್ಶಕ ಶೀಟು ಇನ್ನೂ ಅಪಾಯ. ದೂಳು ಕೂತರೆ ಅದೂ ಇದೂ ಒಂದೇ ಬಣ್ಣ. ಏರಲೇಬೇಕಾದರೆ ಎರಡು ಅಡ್ಡತೊಲೆಗಳಿಗಾದರೂ ತಾಗುವಷ್ಟು ಉದ್ದದ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಗಟ್ಟಿಯಾದ ಕಂಬಕ್ಕೆ ಬಿಗಿದು ಏರಬೇಕು. ಈ ಸಲಕರಣೆ ಇಟ್ಟುಕೊಂಡು ದಿನವೂ ಇದೇ ಕೆಲಸ ಮಾಡುವವನನ್ನು ಕರೆಯಿರಿ. ಮಗನನ್ನೋ ಆಳನ್ನೋ ಹತ್ತಿಸಬೇಡಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಕಲ್ನಾರಿನ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಇಪ್ಪತ್ತು-ನಲವತ್ತು ವರ್ಷದ ಬಳಿಕ ಕ್ಯಾನ್ಸರ್ ತರಬಲ್ಲವು. ಯೂರೋಪಿನ ಒಕ್ಕೂಟ 2005ರಿಂದ ಇದನ್ನು ಪೂರ್ತಿ ನಿಷೇಧಿಸಿದೆ. ನಮ್ಮಲ್ಲಿ ಶೀಟು ಈಗಲೂ ಮಾರಾಟವಾಗುತ್ತದೆ. ಸುಮ್ಮನೆ ಸೂರಿನ ಮೇಲಿರುವ ಶೀಟಿಗಿಂತ, ಗರಗಸದಿಂದ ಕೊಯ್ದಾಗ, ರಂಧ್ರ ಕೊರೆದಾಗ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿದಾಗ ಏಳುವ ದೂಳು ಅಪಾಯಕಾರಿ. ಸುಣ್ಣ ಬಳಿಯುವ ಮುನ್ನ ಒಣಗಿದ ಪಾಚಿಯನ್ನು ಕೆರೆಯುವುದು ಎಲ್ಲರೂ ಮಾಡುವ ಕೆಲಸ. ಈ ಶೀಟಿನ ಮೇಲೆ ಹಾಗೆ ಮಾಡಬೇಡಿ. ನೀರು ಚಿಮುಕಿಸಿ ನೆನೆಸಿ, ಮೆತ್ತನೆಯ ಪೊರಕೆ ಆಡಿಸಿದರೆ ಸಾಕು. ಮುರಿದ ತುಂಡುಗಳನ್ನು ಪುಡಿಮಾಡಿ ದಾರಿಯ ಗುಂಡಿಗೆ ತುಂಬುವುದೂ ತರವಲ್ಲ.

ಹಾಗಾದರೆ ಶೀಟಿನ ಮನೆಯವರು ತಾವಾಗಿ ಮಾಡಬಹುದಾದದ್ದು ಏನೂ ಇಲ್ಲವೆ? ಬೇಕಾದಷ್ಟಿದೆ. ಅಡಿಕೆ ತೋಟದವರ ಬಳಿ ಬೋರ್ಡೋ ದ್ರಾವಣ ಹೊಡೆಯುವ ಪಂಪು ಇರುತ್ತದಲ್ಲ, ಚೆನ್ನಾಗಿ ಸೋಸಿದ ತೆಳು ಸುಣ್ಣದ ಹಾಲನ್ನು ಅದರಿಂದಲೇ ಏಣಿಯ ಮೇಲೆ ನಿಂತು ಹೊಡೆಯಬಹುದು. ಸೂರಿಗೆ ಕಾಲಿಡುವ ಪ್ರಮೇಯವೇ ಇಲ್ಲ. ಮೂರು ನಾಲ್ಕು ಸಲ ತೆಳುವಾಗಿ ಹೊಡೆದು, ಕೆಲಸ ಮುಗಿದ ಕೂಡಲೆ ಪಂಪು ತೊಳೆಯಿರಿ. ಗಾಳಿ ಬೀಸುವಾಗ ಬೇಡ. ಕಣ್ಣಿಗೆ ಕನ್ನಡಕ ಇರಲೇಬೇಕು. ಸುಣ್ಣ ಕಣ್ಣಿಗೆ ಬಿದ್ದರೆ ತಡಮಾಡದೆ ಬಹಳ ಹೊತ್ತು ಶುದ್ಧ ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗಬೇಕು. ದನದ ಕೊಟ್ಟಿಗೆಗಾದರೆ ಇನ್ನೂ ಸುಲಭದ ದಾರಿ: ಸೂರಿನ ಸುತ್ತ ಕಂಬ ನೆಟ್ಟು ಶೀಟಿಗಿಂತ ಒಂದಡಿ ಮೇಲೆ ಚಪ್ಪರ ಹಾಕಿ ಸೋರೆ, ಹೀರೆ, ಚಪ್ಪರದವರೆ ಹಬ್ಬಿಸಿ. ಬೇಸಿಗೆಗೆ ಹಬ್ಬಬೇಕಾದರೆ ಬೀಜ ಸಂಕ್ರಾಂತಿಗೆ ಮುಂಚೆಯೇ ಬೀಳಬೇಕು.

ಬಿಳಿ ತಗಡಿಗೆ, ಅಂದರೆ ಜಿಂಕ್ ಶೀಟಿಗೆ, ಸುಣ್ಣ ಬೇಡ. ಹಸಿ ಸುಣ್ಣ ಸತುವಿನ ಲೇಪವನ್ನು ತಿನ್ನುತ್ತದೆ, ಸರಿಯಾಗಿ ಅಂಟುವುದೂ ಇಲ್ಲ. ಉಪ್ಪು ಬೆರೆಸಿದ್ದರಂತೂ ತುಕ್ಕಿಗೆ ಆಹ್ವಾನ ಕೊಟ್ಟಂತೆ. ತಗಡಿಗೆಂದೇ ಮಾಡಿದ ಬಿಳಿ ಬಣ್ಣ ಸಿಗುತ್ತದೆ. ತಗಡಿನ ಅಡಿಗೆ ಏನು ಹಾಕಿದರೂ ತಗಡಿಗೆ ಅಂಟಿಸದೆ ಸಂದು ಬಿಡಿ. ಚಳಿಗಾಲದ ಬೆಳಗು ತಗಡಿನ ಅಡಿ ಬೆವರುವುದನ್ನು ನೀವೇ ಕಂಡಿದ್ದೀರಿ. ಆ ನೀರು ನಾರಿನ ಚಾಪೆಗೆ ಇಳಿದರೆ ಒಂದೇ ವರ್ಷಕ್ಕೆ ಬೂಸ್ಟು.

ತಾರಸಿ: ಅರ್ಧ ನಿಮ್ಮದು, ಅರ್ಧ ಮೇಸ್ತ್ರಿಯದು

ಕಾಂಕ್ರೀಟು ತಾರಸಿಗೆ ಸುಣ್ಣ ಬಳಿಯುವುದಕ್ಕೆ ಮೇಸ್ತ್ರಿಯನ್ನು ಕರೆದರೆ ಅದು ದುಂದು. ಹೊಸದಾಗಿ ಬಳಿದ ಬಿಳಿ ಲೇಪ ಬಿಸಿಲಿನ ಸುಮಾರು ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಮಾಸಿದ ಕಾಂಕ್ರೀಟು ಹೆಚ್ಚು ಕಡಿಮೆ ಅಷ್ಟೇ ಪಾಲನ್ನು ನುಂಗುತ್ತದೆ. ಒಳಗೆ 2ರಿಂದ 5 ಡಿಗ್ರಿಯಷ್ಟು ಇಳಿತ ಸಾಮಾನ್ಯವಾಗಿ ಕಾಣುತ್ತದೆ. ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕಾರ್ಯಕ್ರಮ ನಡೆದಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ಸುಟ್ಟ ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಅರಳಿಸಿ. ಕೊತಕೊತ ಕುದಿದು ಹಾರುವುದರಿಂದ ಮಕ್ಕಳನ್ನು ದೂರವಿಡಿ, ಪ್ಲಾಸ್ಟಿಕ್ ಬಕೆಟ್ ಬಳಸಬೇಡಿ. ಮರುದಿನ ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಗುಡಿಸಿ ತೇವ ಮಾಡಿದ ತಾರಸಿಗೆ ಬೆಳಿಗ್ಗೆ ಬೇಗ ಬಳಿಯಿರಿ. ಒಂದೇ ದಪ್ಪ ಬಳಿತಕ್ಕಿಂತ ಮೂರು ತೆಳು ಬಳಿತ ಮೇಲು. ಮಳೆಗಾಲ ಕಳೆದರೆ ಬಹುಪಾಲು ತೊಳೆದು ಹೋಗಿರುತ್ತದೆ, ವರ್ಷವೂ ಬಳಿಯಬೇಕು. ಮೊದಲ ವರ್ಷ ಇಡೀ ತಾರಸಿಗೆ ಬಳಿಯದೆ ಒಂದು ಕೋಣೆಯ ಮೇಲಷ್ಟೇ ಬಳಿದು, ಪಕ್ಕದ ಕೋಣೆಯೊಡನೆ ಥರ್ಮಾಮೀಟರ್ ಇಟ್ಟು ಹೋಲಿಸಿ ನೋಡುವುದು ಒಳ್ಳೆಯದು. ಹೊಸ ತಳಿಯ ಬೀಜವನ್ನು ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತೀರಲ್ಲ, ಹಾಗೆ. ತಾರಸಿಯ ಮಳೆನೀರನ್ನು ತೊಟ್ಟಿಗೆ ಹಿಡಿಯುವವರು ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಬೇಕು.

ಇಟ್ಟಿಗೆ ಜಲ್ಲಿಯ ಗಾರೆ ಹಾಕಿಸಿ ಮೇಲೆ ಬಿಲ್ಲೆ ಕೂರಿಸುವುದು ಮಾತ್ರ ಮೇಸ್ತ್ರಿಯ ಕೆಲಸ, ಅದೂ ಈ ಕೆಲಸದಲ್ಲಿ ಪಳಗಿದವನದು. ಇದು ಬಿಸಿಯನ್ನೂ ನೀರನ್ನೂ ತಡೆಯುತ್ತದೆ. ಇಳಿಜಾರು ತಪ್ಪಿತೋ, ನೀರು ಗಾರೆಯೊಳಗೆ ನಿಂತು ಮೆಲ್ಲಗೆ ಕಾಂಕ್ರೀಟಿಗೆ ಇಳಿಯುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಕೆಳಗಿನ ಗಿಲಾವು ಉದುರುವ ಹೊತ್ತಿಗೆ ವರ್ಷಗಳು ಕಳೆದು, ಕೆಲಸ ಮಾಡಿದವನು ಊರು ಬಿಟ್ಟಿರುತ್ತಾನೆ. ಭಾರವನ್ನೂ ಗಮನಿಸಿ. ನಾಲ್ಕು ಅಂಗುಲದ ಈ ಗಾರೆ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, 17-18 ಕ್ವಿಂಟಾಲ್ ತೂಗುತ್ತದೆ. ಜನ ಓಡಾಡುವ ತಾರಸಿಯನ್ನು ಲೆಕ್ಕ ಹಾಕುವಾಗ ಓಡಾಟದ ಭಾರಕ್ಕೆಂದು ಇಡುವುದು ಒಂದು ಚದರ ಮೀಟರಿಗೆ 150 ಕಿಲೋ, ಅಂದರೆ ಚದರಕ್ಕೆ 14 ಕ್ವಿಂಟಾಲ್ ಮಾತ್ರ. ಮನೆ ಕಟ್ಟುವಾಗಲೇ ಗಾರೆಯ ಭಾರ ಲೆಕ್ಕಕ್ಕೆ ಸೇರಿತ್ತೆ ಎಂದು ಇಂಜಿನಿಯರನ್ನು ಕೇಳದೆ ಹಾಕಿಸಬಾರದು. ತಾರಸಿಯ ಮೇಲೆ ಅಡಿಗಟ್ಟಲೆ ಮಣ್ಣು ತುಂಬಿ ತರಕಾರಿ ಬೆಳೆಯುವ ಆಸೆಯವರಿಗೂ ಇದನ್ನೇ ಹೇಳುವುದು.

ತಂತಿ ಇರುವ ಅಟ್ಟ

ಮನೆಯ ವಿದ್ಯುತ್ ತಂತಿಗಳು ಅಟ್ಟದ ಮೂಲಕ ಹೋಗಿದ್ದರೆ, ಹೆಚ್ಚಿನ ಹಳೆಯ ಮನೆಗಳಲ್ಲಿ ಹೋಗಿಯೇ ಇರುತ್ತವೆ, ಎಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ ಬಂದು ನೋಡಬೇಕು. ಇಲಿ ಕಡಿದ ತಂತಿಯ ಮೇಲೆ ಉಮಿಯನ್ನೋ ನಾರನ್ನೋ ಹಾಸಿದರೆ ಬೆಂಕಿಗೆ ಹಾಸಿಗೆ ಹಾಸಿದಂತೆ. ಈಗ ಅಂಗಡಿಗಳಲ್ಲಿ ಹೊಳೆಯುವ ಬೆಳ್ಳಿ ಹಾಳೆಯ ಸುರುಳಿ ಬಂದಿದೆ. ಹೊಳೆಯುವ ಮುಖ ಗಾಳಿಯ ಸಂದಿನತ್ತ ಕೆಳಮುಖವಾಗಿ ಇದ್ದರೆ ಇದು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಮೇಲ್ಮುಖ ಹಾಕಿದರೆ ದೂಳು ಕೂತು ಕೆಲಸ ಕೆಡುತ್ತದೆ. ಆದರೆ ಅದು ಅಲ್ಯೂಮಿನಿಯಂ, ವಿದ್ಯುತ್ತನ್ನು ಹರಿಯಗೊಡುತ್ತದೆ. ಮೊಳೆ ಒಂದು ತಂತಿಗೆ ಹೊಕ್ಕರೆ ಇಡೀ ಸೂರೇ ಜೀವಂತ ತಂತಿ.

ಇದು ಬರಿಯ ಹೆದರಿಕೆಯ ಮಾತಲ್ಲ. ಆಸ್ಟ್ರೇಲಿಯಾದ ಸರ್ಕಾರ 2009ರಲ್ಲಿ ಮನೆಗಳ ಅಟ್ಟಕ್ಕೆ ಬಿಸಿತಡೆ ಹಾಕಿಸಲು ಸಹಾಯಧನದ ದೊಡ್ಡ ಯೋಜನೆಯೊಂದನ್ನು ತಂದಿತು. ಹಣ ಬರುತ್ತದೆಂದು ಅನುಭವವಿಲ್ಲದ ಗುತ್ತಿಗೆದಾರರು ಬೀದಿಬೀದಿಗೆ ಹುಟ್ಟಿಕೊಂಡರು. ತರಬೇತಿಯಿಲ್ಲದ ಹುಡುಗರನ್ನು ಅಟ್ಟ ಹತ್ತಿಸಿದರು. ನಾಲ್ವರು ಯುವ ಕೆಲಸಗಾರರು ಸತ್ತರು: ಮೂವರು ವಿದ್ಯುತ್ ತಗುಲಿ, ಒಬ್ಬನು ಅಟ್ಟದ ಬಿಸಿಯನ್ನೇ ತಾಳಲಾರದೆ. 2010ರಲ್ಲಿ ಯೋಜನೆಯನ್ನೇ ನಿಲ್ಲಿಸಬೇಕಾಯಿತು, 2014ರಲ್ಲಿ ರಾಯಲ್ ಕಮಿಷನ್ ವಿಚಾರಣೆ ನಡೆಯಿತು. ಕೂಲಿ ಕೊಟ್ಟು ಕರೆಸಿದ ಮಾತ್ರಕ್ಕೆ ಬಂದವನು ಕೆಲಸ ಬಲ್ಲವನು ಎಂದು ತಿಳಿಯಬಾರದು. ನೀವೇ ಅಟ್ಟ ಹತ್ತುವುದಾದರೂ ಮೇನ್ ಸ್ವಿಚ್ ಆರಿಸಿ, ಬೆಳಿಗ್ಗೆ 9ರ ಒಳಗೆ ಇಳಿದುಬಿಡಿ, ಕೆಳಗೆ ಒಬ್ಬರು ನಿಂತಿರಲಿ.

ಕರೆಯುವುದಾದರೆ ಹೇಗೆ ಕರೆಯಬೇಕು

ಮೇಸ್ತ್ರಿಯ ಮಾತನ್ನು ಕೇಳುವುದಕ್ಕಿಂತ ಅವನು ಎರಡು ಮಳೆಗಾಲದ ಹಿಂದೆ ಮಾಡಿದ ಮನೆಯನ್ನು ನೋಡಿ. ಮೊನ್ನೆ ಮಾಡಿದ್ದು ಎಲ್ಲರದೂ ಚೆನ್ನಾಗಿಯೇ ಕಾಣುತ್ತದೆ. ಚದರದ ಲೆಕ್ಕದ ಗುತ್ತಿಗೆಯಲ್ಲಿ ಗಾರೆಯ ದಪ್ಪ ತೆಳುವಾಗುತ್ತದೆ, ದಿನಗೂಲಿಯಲ್ಲಿ ದಿನ ಉದ್ದವಾಗುತ್ತದೆ. ಎರಡಕ್ಕೂ ನಡುವಿನ ದಾರಿ ಎಂದರೆ ಸಾಮಾನು ನೀವು ತಂದು ಕೂಲಿಯನ್ನು ಮಾತ್ರ ಗುತ್ತಿಗೆ ಕೊಡುವುದು. ದಪ್ಪ ಎಷ್ಟು, ಇಳಿಜಾರು ಯಾವ ಕಡೆಗೆ, ಎಷ್ಟು ದಿನ ನೀರುಣಿಸುವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿ. ತಾರಸಿಯ ಕೆಲಸವಾದರೆ ಗಾರೆ ಗಟ್ಟಿಯಾದ ಮೇಲೆ ನೀರಿನ ದಾರಿಗಳನ್ನು ಮುಚ್ಚಿ ಎರಡು ಅಂಗುಲ ನೀರನ್ನು ಎರಡು ದಿನ ಕಟ್ಟಿ ನಿಲ್ಲಿಸಿ, ಕೆಳಗಿನಿಂದ ನೋಡಿದ ಬಳಿಕವೇ ಕೊನೆಯ ಕಂತು ಕೊಡುವುದು. ಇದಕ್ಕೆ ಒಪ್ಪದವನಿಗೆ ಕೆಲಸವನ್ನೇ ಕೊಡಬೇಡಿ.

ಬಹುಪಾಲು ರೈತ ಕುಟುಂಬಗಳಿಗೆ ಹೊಂದುವುದು ಮೇಸ್ತ್ರಿ ಒಬ್ಬ, ಕೈಯಾಳು ಮನೆಯವರೇ ಎಂಬ ಏರ್ಪಾಡು. ಕೂಲಿ ಅರ್ಧ ಉಳಿಯುತ್ತದೆ, ಒಳಗೆ ಏನು ಹಾಕಿದರೆಂಬುದು ಕಣ್ಣೆದುರೇ ಇರುತ್ತದೆ, ಮುಂದಿನ ಸಲದ ರಿಪೇರಿ ನಿಮಗೇ ಗೊತ್ತಾಗಿರುತ್ತದೆ. ಯುಗಾದಿ ಹತ್ತಿರವಾದಂತೆ ಒಳ್ಳೆಯ ಕೆಲಸಗಾರರು ಸಿಗುವುದು ಕಷ್ಟ. ಸಂಕ್ರಾಂತಿಯ ಹೊತ್ತಿಗೇ ಮಾತಾಡಿ ದಿನ ಗೊತ್ತುಮಾಡಿಕೊಂಡಿರಿ.

ಯಾರು ಮಾಡಿದ ಕೆಲಸವೇ ಆಗಲಿ, ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಟಾರ್ಚು ಹಿಡಿದು ಅಟ್ಟದ ಬಾಗಿಲಿನಿಂದಲೇ ಒಮ್ಮೆ ಇಣುಕಿ ನೋಡಿ. ಹನಿ ಬಿದ್ದ ಜಾಗದ ನೇರಕ್ಕೆ ಕೆಳಗಿನ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿಟ್ಟರೆ, ಸೂರು ಒಣಗಿದ ದಿನ ಯಾವ ಹೆಂಚು ಬದಲಿಸಬೇಕು ಎಂದು ಹುಡುಕುವ ಕಷ್ಟವಿರುವುದಿಲ್ಲ.